ಹದಿಮೂರು ಪ್ರಶ್ನೆಗಳು: ಲಿಸ್ಬನ್ ಭೂಕಂಪ ಮತ್ತು ಹಳ್ಳಿಯ ಧರ್ಮಗುರುಗಳು

1756ರ ಆರಂಭದಲ್ಲಿ ಪೋರ್ಚುಗಲ್ ದೇಶದ ಪ್ರತಿಯೊಂದು ಧರ್ಮಕೇಂದ್ರದ ವಿಚಾರಣಾ ಗುರುಗಳಿಗೂ ಅರಮನೆಯ ಕಡೆಯಿಂದ ಒಂದು ಪ್ರಶ್ನಾವಳಿ ತಲುಪಿತು. ಅದರಲ್ಲಿ ಹದಿಮೂರು ಪ್ರಶ್ನೆಗಳಿದ್ದವು. ಜನರು ಪಾಪನಿವೇದನೆಗೆ ಬರುತ್ತಿದ್ದಾರೆಯೇ, ಉಪವಾಸಗಳನ್ನು ಪಾಲಿಸುತ್ತಿದ್ದಾರೆಯೇ ಎಂಬಂತಹ, ಗುರುಗಳಿಗೆ ರೂಢಿಯಾಗಿದ್ದ ವಿಚಾರಗಳು ಅದರಲ್ಲಿರಲಿಲ್ಲ. ಭೂಮಿ ನಡುಗಿದ್ದು ಎಷ್ಟು ಗಂಟೆಗೆ, ಎಷ್ಟು ಹೊತ್ತು? ಕಂಪನವು ಒಂದು ದಿಕ್ಕಿನಿಂದ ಹೆಚ್ಚು ಜೋರಾಗಿ ಬಂದಂತೆ ಕಂಡಿತೇ? ಸಮುದ್ರ ಮೊದಲು ಹಿಂದೆ ಸರಿಯಿತೋ, ಮೊದಲೇ ಉಕ್ಕಿತೋ? ಎಂದಿನ ಮಟ್ಟಕ್ಕಿಂತ ಎಷ್ಟು ಗೇಣು ಮೇಲೇರಿತು? ಇಂತಹ ಪ್ರಶ್ನೆಗಳು ಅವು. ತಮ್ಮ ದೇವಾಲಯದ ಮಾಡು ಕುಸಿದು, ಬಯಲಿನಲ್ಲಿ ಹಲಗೆಯ ಪೀಠದ ಮೇಲೆ ಬಲಿಪೂಜೆ ಅರ್ಪಿಸುತ್ತಿದ್ದ ಎಷ್ಟೋ ಗುರುಗಳು ಆ ಹಾಳೆಯನ್ನು ಮುಂದಿಟ್ಟುಕೊಂಡು ಉತ್ತರ ಬರೆಯಲು ಕುಳಿತರು.

ಭೂಕಂಪಗಳ ಕುರಿತ ವಿಜ್ಞಾನವು ಹುಟ್ಟಿದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪ್ರಯೋಗಶಾಲೆಯಿಂದಲೋ ಉಪಕರಣಗಳಿಂದಲೋ ಆರಂಭಿಸುತ್ತಾರೆ. ಆದರೆ ಆ ಕಥೆಯ ಒಂದು ಮುಖ್ಯ ಅಧ್ಯಾಯ ಈ ಗುರುಗಳ ಮಸಿಕುಡಿಕೆಯಲ್ಲಿದೆ. ಅವರಲ್ಲಿ ಹೆಚ್ಚಿನವರು ವಿಜ್ಞಾನ ಓದಿದವರಲ್ಲ. ತಮ್ಮೂರಿನ ಮನೆಗಳೆಷ್ಟು, ಜನರೆಷ್ಟು, ಬಾವಿಗಳೆಷ್ಟು ಎಂದು ಬಲ್ಲವರು, ಸತ್ತವರ ಹೆಸರುಗಳನ್ನು ದಾಖಲೆ ಪುಸ್ತಕದಲ್ಲಿ ಬರೆದವರು. ಆ ಕಾಲದಲ್ಲಿ ಇಡೀ ದೇಶದಲ್ಲಿ, ಪ್ರತಿ ಊರಿನಲ್ಲಿಯೂ, ಓದುಬರಹ ಬಲ್ಲ ಒಬ್ಬ ಸಾಕ್ಷಿ ಇದ್ದೇ ಇರುವನೆಂದು ನಂಬಬಹುದಾಗಿದ್ದದ್ದು ಧರ್ಮಸಭೆಯ ಈ ಜಾಲದಲ್ಲಿ ಮಾತ್ರ.

ಆ ಪ್ರಶ್ನೆಗಳಿಗೆ ಕಾರಣವಾದ ದಿನ 1755ರ ನವೆಂಬರ್ 1, ಶನಿವಾರ, ಸಕಲ ಸಂತರ ಮಹೋತ್ಸವ. ಬೆಳಿಗ್ಗೆ ಸುಮಾರು ಒಂಬತ್ತೂವರೆಯ ಹೊತ್ತು. ಲಿಸ್ಬನ್ ನಗರದ ದೇವಾಲಯಗಳೆಲ್ಲ ಕಿಕ್ಕಿರಿದಿದ್ದವು, ಪೀಠಗಳ ಮೇಲೆ ಮೇಣದಬತ್ತಿಗಳು ಉರಿಯುತ್ತಿದ್ದವು. ಮೊದಲು ದೂರದ ಬಂಡಿಗಳ ಸದ್ದಿನಂತೆ ಒಂದು ಗುಡುಗು, ಬಳಿಕ ನಡುಕ. ಸ್ವಲ್ಪ ಬಿಡುವು ಕೊಟ್ಟು ಎರಡನೆಯ ನಡುಕ, ಮತ್ತೆ ಮೂರನೆಯದು. ಒಟ್ಟು ಕೆಲವೇ ನಿಮಿಷಗಳು. ಅಷ್ಟರಲ್ಲಿ ಕಲ್ಲಿನ ಕಮಾನುಗಳು ಪ್ರಾರ್ಥಿಸುತ್ತಿದ್ದವರ ಮೇಲೆ ಕುಸಿದುಬಿದ್ದವು. ಬದುಕುಳಿದವರು ತೇಜು ನದಿಯ ದಂಡೆಯ ವಿಶಾಲವಾದ ಬಯಲಿಗೆ ಓಡಿದರು, ಮೇಲೆ ಬೀಳಲು ಅಲ್ಲಿ ಗೋಡೆಗಳಿಲ್ಲವೆಂದು. ಅಲ್ಲಿ ಅವರು ಕಂಡದ್ದು ನೀರು ಹಿಂದೆ ಸರಿದು ಬರಿದಾದ ಬಂದರಿನ ತಳವನ್ನು. ಹಿಂದೆಂದೋ ಮುಳುಗಿದ ಹಡಗುಗಳ ಅವಶೇಷಗಳು ಅಲ್ಲಿ ಬಿದ್ದಿದ್ದವೆಂದು ಹೇಳುತ್ತಾರೆ. ಕಂಪನದ ನಂತರ ಸುಮಾರು ಒಂದು ಗಂಟೆಯೊಳಗೆ ಸಮುದ್ರವು ಗೋಡೆಯಂತೆ ಮರಳಿ ಬಂತು. ನೀರು ಮುಟ್ಟದ ಕಡೆ ಬೆಂಕಿ ಹೊತ್ತಿಕೊಂಡಿತು. ಪೀಠದ ಬತ್ತಿಗಳೂ ಅಡಿಗೆಮನೆಯ ಒಲೆಗಳೂ ಅದಕ್ಕೆ ಕಾರಣ. ಅದು ಐದಾರು ದಿನ ಉರಿಯಿತು. ಅರಮನೆಯ ಎಪ್ಪತ್ತು ಸಾವಿರ ಗ್ರಂಥಗಳ ಭಂಡಾರ, ಅದೇ ವರ್ಷ ತೆರೆದಿದ್ದ ಸಂಗೀತ ನಾಟಕಶಾಲೆ, ಸಕಲ ಸಂತರ ಹೆಸರನ್ನೇ ಹೊತ್ತಿದ್ದ ದೊಡ್ಡ ಆಸ್ಪತ್ರೆ ಎಲ್ಲವೂ ಬೂದಿಯಾದವು. ಸತ್ತವರ ಸಂಖ್ಯೆಯನ್ನು ಕುರಿತು ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಮೂವತ್ತು ಸಾವಿರವೆಂದು ಕೆಲವರು, ಅದರ ಇಮ್ಮಡಿಯೆಂದು ಕೆಲವರು.

ಆ ದಿನದ ನಡುಕ ಲಿಸ್ಬನ್ನಿಗೆ ಸೀಮಿತವಾಗಿರಲಿಲ್ಲ. ಮೊರಾಕ್ಕೊದ ಪಟ್ಟಣಗಳು ಕುಸಿದವು. ಸ್ಕಾಟ್ಲೆಂಡಿನ ಲಾಕ್ ಲೋಮಂಡ್ ಸರೋವರದ ನೀರು ಕಾರಣವಿಲ್ಲದೆ ಏರಿ ಇಳಿಯಿತು. ಅಟ್ಲಾಂಟಿಕ್ ಸಾಗರವನ್ನು ದಾಟಿದ ಅಲೆ ವೆಸ್ಟ್ ಇಂಡೀಸ್ ದ್ವೀಪಗಳ ದಡ ಹತ್ತಿತು. ಇಷ್ಟೊಂದು ದೂರದ ಸಂಗತಿಗಳೆಲ್ಲ ಒಂದೇ ಘಟನೆಯ ತುಣುಕುಗಳೆಂದು ತಿಳಿಯಲು ಪತ್ರಗಳೂ ಪತ್ರಿಕೆಗಳೂ ಊರಿಂದೂರಿಗೆ ಅಲೆಯಬೇಕಾಯಿತು.

ಜನರ ಬಾಯಲ್ಲಿ ಮೊದಲು ಬಂದ ಪ್ರಶ್ನೆ ಮಾತ್ರ ಬೇರೆಯದಾಗಿತ್ತು. ಏಕೆ? ಅದರಲ್ಲಿಯೂ ಹಬ್ಬದ ದಿನವೇ ಏಕೆ, ಬಲಿಪೂಜೆಯ ಹೊತ್ತಿನಲ್ಲಿಯೇ ಏಕೆ? ದೇವಾಲಯಗಳು ಕುಸಿದವು, ವೇಶ್ಯೆಯರು ವಾಸಿಸುತ್ತಿದ್ದ ಬೀದಿಗೆ ಅಷ್ಟಾಗಿ ಹಾನಿಯಾಗಲಿಲ್ಲವೆಂದು ಆ ಕಾಲದವರು ಬೆರಗಿನಿಂದ ಆಡಿಕೊಂಡರು. ಉತ್ತರ ಯುರೋಪಿನ ಪ್ರೊಟೆಸ್ಟೆಂಟರಲ್ಲಿ ಕೆಲವರು ಇದು ಕಥೋಲಿಕರ ಮೂರ್ತಿಪೂಜೆಗೆ ಬಂದ ದಂಡನೆ ಎಂದರು. ಪೋರ್ಚುಗಲ್ಲಿನಲ್ಲಿಯೇ ಕೆಲವರು, ಆ ಪ್ರೊಟೆಸ್ಟೆಂಟರಿಗೆ ನಗರದಲ್ಲಿ ಇರಗೊಟ್ಟದ್ದೇ ತಪ್ಪಾಯಿತು ಎಂದರು. ಒಂದೇ ಕಲ್ಲಿನ ರಾಶಿಯನ್ನು ತೋರಿಸಿ ಇಬ್ಬರೂ ಒಬ್ಬರನ್ನೊಬ್ಬರು ದೂರಿದ ಈ ಪ್ರಸಂಗ ಇಂದು ಓದುವಾಗ ನಗೆಯನ್ನೂ ನೋವನ್ನೂ ಒಟ್ಟಿಗೆ ತರುತ್ತದೆ.

ಈ ವಾದವನ್ನು ಅತ್ಯಂತ ತೀವ್ರವಾಗಿ ಹಿಡಿದವರು ಯೇಸುಸಭೆಯ ಗಾಬ್ರಿಯೆಲ್ ಮಾಲಗ್ರೀದಾ. ಇಟಲಿಯಲ್ಲಿ 1689ರಲ್ಲಿ ಹುಟ್ಟಿ, ಬ್ರೆಜಿಲ್‌ನಲ್ಲಿ ದಶಕಗಳ ಕಾಲ ಬರಿಗಾಲಲ್ಲಿ ಅಲೆದು ಧರ್ಮಪ್ರಚಾರ ಮಾಡಿದ್ದ ಅವರನ್ನು ಲಿಸ್ಬನ್ನಿನ ಜನ ಸಂತರೆಂದೇ ಗೌರವಿಸುತ್ತಿದ್ದರು. 1756ರಲ್ಲಿ ಅವರು ಭೂಕಂಪದ ನಿಜವಾದ ಕಾರಣವನ್ನು ಕುರಿತು ಒಂದು ಚಿಕ್ಕ ಪುಸ್ತಿಕೆಯನ್ನು ಪ್ರಕಟಿಸಿದರು. ಧೂಮಕೇತುವೂ ಅಲ್ಲ, ನೆಲದೊಳಗಿನ ಆವಿಯೂ ಅಲ್ಲ, ನಮ್ಮ ಪಾಪಗಳೇ ಕಾರಣ ಎಂಬುದು ಅವರ ವಾದ. ಗುಡಿಸಲು ಕಟ್ಟುವ ಆತುರವನ್ನು ಬದಿಗಿಟ್ಟು ಧ್ಯಾನಕೂಟಗಳಿಗೆ ಬನ್ನಿರೆಂದು ಅವರು ಕರೆಕೊಟ್ಟರು. ಪಶ್ಚಾತ್ತಾಪದ ಕರೆ ತಪ್ಪೆಂದು ನಾವು ಹೇಳಲಾರೆವು. ಆದರೆ ಕಣ್ಣೆದುರು ಚಳಿಗಾಲ, ಸೂರಿಲ್ಲದ ಸಾವಿರಾರು ಕುಟುಂಬಗಳು. ಅಂತಹ ಹೊತ್ತಿನಲ್ಲಿ ಸೂರು ಕಟ್ಟುವುದನ್ನು ದೈವಭಕ್ತಿಗೆ ಎದುರಾಗಿ ನಿಲ್ಲಿಸಿದ್ದು ಸರಿಯೆನ್ನಿಸುವುದಿಲ್ಲ.

ಸಿಲೊವಾಮಿನ ಗೋಪುರ ಕುಸಿದು ಹದಿನೆಂಟು ಜನ ಸತ್ತ ಸುದ್ದಿಯನ್ನು ಕುರಿತು ಪ್ರಭು ಯೇಸು ಆಡಿದ ಮಾತು ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿದೆ. ಸತ್ತವರು ಬೇರೆಲ್ಲರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ಎಣಿಸುವುದನ್ನು ಯೇಸು ಅಲ್ಲಿ ಸ್ಪಷ್ಟವಾಗಿ ತಳ್ಳಿಹಾಕುತ್ತಾರೆ. ಕೇಳುತ್ತಿದ್ದವರಿಗೆ ಪಶ್ಚಾತ್ತಾಪದ ಕರೆಯನ್ನೂ ಕೊಡುತ್ತಾರೆ. ಆ ಎರಡನೆಯ ಮಾತನ್ನು ಎತ್ತಿಹಿಡಿದ ಪ್ರಸಂಗಿಗಳು ಮೊದಲನೆಯದನ್ನು ಮರೆತರು.

ಇದು ಪೋರ್ಚುಗಲ್ಲಿಗೆ ಹೊಸದೇನೂ ಆಗಿರಲಿಲ್ಲ. ಇನ್ನೂರು ವರ್ಷಗಳಿಗೂ ಹಿಂದೆ, 1531ರ ಜನವರಿಯಲ್ಲಿ, ಅದೇ ನಾಡು ಇನ್ನೊಂದು ದೊಡ್ಡ ಭೂಕಂಪವನ್ನು ಕಂಡಿತ್ತು. ಸಾಂಟಾರೆಮ್ ಪಟ್ಟಣದ ಸನ್ಯಾಸಿಗಳು ಇದು ದೇವರ ಕೋಪವೆಂದೂ ಇನ್ನೊಂದು ಕಂಪನ ಬರಲಿದೆಯೆಂದೂ ಬೋಧಿಸಿದಾಗ ಜನ ದಿಗಿಲುಗೊಂಡರು. ಯೆಹೂದ್ಯ ಮೂಲದ ಹೊಸ ಕ್ರೈಸ್ತರು ತಮ್ಮ ಮೇಲೆ ಎಲ್ಲರ ಕೋಪ ತಿರುಗೀತೆಂದು ಅಡಗಿಕೊಂಡರು. ಆಗ ನಾಟಕಕಾರ ಜಿಲ್ ವಿಸೆಂತೆ ಆ ಸನ್ಯಾಸಿಗಳನ್ನು ಸಂತ ಫ್ರಾನ್ಸಿಸರ ಮಠದಲ್ಲಿ ಸೇರಿಸಿ, ಭೂಕಂಪವು ಪ್ರಕೃತಿಯ ಕ್ರಮದಲ್ಲಿ ನಡೆಯುವ ಸಂಗತಿ, ಮುಂದಾಗುವುದನ್ನು ಮನುಷ್ಯ ಹೇಳಲಾರ ಎಂದು ತಿಳಿಹೇಳಿದರು. ಹೀಗೆ ಮಾಡಿದೆನೆಂದು ಅರಸನಿಗೆ ಅವರು ಬರೆದ ಪತ್ರ ಉಳಿದುಬಂದಿದೆ. ವಿವೇಕದ ಮಾತಾಡಲು ಮನುಷ್ಯನು ಹದಿನೆಂಟನೆಯ ಶತಮಾನದವರೆಗೆ ಕಾಯಬೇಕಾಗಿರಲಿಲ್ಲ.

ಹದಿಮೂರು ಪ್ರಶ್ನೆಗಳ ಹಿಂದಿದ್ದವರು ಅರಸ ಒಂದನೆಯ ಜೋಸೆಯ ಮಂತ್ರಿ ಸೆಬಾಸ್ಟಿಯಾವ್ ಜೋಸೆ ದೆ ಕಾರ್ವಾಲ್ಯೊ. ಇತಿಹಾಸ ಅವರನ್ನು ಮುಂದೆ ದೊರೆತ ಬಿರುದಿನಿಂದ, ಮಾರ್ಕ್ವಿಸ್ ಪೊಂಬಾಲ್ ಎಂದು ಕರೆಯುತ್ತದೆ. ಅರಸ ಆ ದಿನ ಬೆಲೆಮ್‌ನಲ್ಲಿದ್ದುದರಿಂದ ಬದುಕಿದ. ಆದರೆ ಗೋಡೆಗಳ ಭಯ ಅವನನ್ನು ಬಿಡಲಿಲ್ಲ. 1777ರಲ್ಲಿ ಸಾಯುವವರೆಗೂ ಅಜುಡಾದ ಗುಡ್ಡದ ಮೇಲೆ, ಗುಡಾರಗಳಲ್ಲಿಯೂ ಮರದ ಮನೆಯಲ್ಲಿಯೂ ಕಾಲ ಕಳೆದ. ಆಳುವ ಕೆಲಸ ಮಂತ್ರಿಯ ಕೈಗೆ ಬಂತು. ಶವಗಳನ್ನು ದೋಣಿಗಳಲ್ಲಿ ಒಯ್ದು ಸಮುದ್ರದಲ್ಲಿ ಮುಳುಗಿಸಲು ಅವರು ಧರ್ಮಾಧಿಕಾರಿಗಳ ಒಪ್ಪಿಗೆ ಪಡೆದರು, ಸಾಂಕ್ರಾಮಿಕ ರೋಗ ಹರಡದಂತೆ. ಧಾನ್ಯದ ಬೆಲೆ ಏರದಂತೆ ತಡೆದರು. ಕೊಳ್ಳೆ ಹೊಡೆಯುವವರಿಗೆ ಎತ್ತರದ ಗಲ್ಲುಗಂಬಗಳನ್ನು ನಿಲ್ಲಿಸಿದರು.

ಪ್ರಶ್ನಾವಳಿಗೆ ಮರಳೋಣ. ಈಗಾಗಲೇ ಹೇಳಿದ ಪ್ರಶ್ನೆಗಳಲ್ಲದೆ ಅದರಲ್ಲಿ ಕೇಳಿದ್ದು ಇವು: ಕಟ್ಟಡಗಳು ಯಾವ ಕಡೆಗೆ ಹೆಚ್ಚಾಗಿ ಬಿದ್ದವು, ಎಷ್ಟು ಮನೆಗಳು ಹಾಳಾದವು, ಎಷ್ಟು ಜನ ಸತ್ತರು, ಬುಗ್ಗೆಗಳಲ್ಲಿ ನದಿಗಳಲ್ಲಿ ಏನು ಬದಲಾವಣೆ ಕಂಡಿತು, ನೆಲ ಬಿರಿಯಿತೇ, ಬಿರುಕಿನಿಂದ ಏನಾದರೂ ಹೊರಬಂತೇ, ಮರುಕಂಪನಗಳು ಎಷ್ಟು, ಬೆಂಕಿ ಎಷ್ಟು ದಿನ ಉರಿಯಿತು, ಆಹಾರಕ್ಕೆ ಕೊರತೆಯಿದೆಯೇ, ಊರಿನ ಹೆಂಗಸರೆಷ್ಟು ಗಂಡಸರೆಷ್ಟು, ಮತ್ತು ಹಿಂದೆ ಆದ ಭೂಕಂಪಗಳ ನೆನಪು ಊರಿನಲ್ಲಿ ಯಾರಿಗಾದರೂ ಇದೆಯೇ. ಪಾಪದ ಮಾತು ಎಲ್ಲಿಯೂ ಇಲ್ಲ. ಕಾರಣ ಯಾವುದೆಂಬ ಮಾತೂ ಇಲ್ಲ. ಏಕೆ ಎಂಬುದನ್ನು ಬಿಟ್ಟು, ಎಲ್ಲಿ, ಯಾವಾಗ, ಎಷ್ಟು, ಯಾವ ದಿಕ್ಕಿಗೆ ಎಂದಷ್ಟೇ ಅದು ಕೇಳುತ್ತದೆ. ಆಳುವವನಿಗೆ ತೆರಿಗೆ, ಜನಸಂಖ್ಯೆ, ಧಾನ್ಯದ ಲೆಕ್ಕವೂ ಬೇಕಿತ್ತೆಂಬುದು ನಿಜ. ಆದರೆ ಸಮುದ್ರ ಎಷ್ಟು ಗೇಣು ಏರಿತೆಂದು ತಿಳಿದು ಯಾವ ತೆರಿಗೆಯನ್ನೂ ವಸೂಲು ಮಾಡಲಾಗದು. ಅಲ್ಲಿ ಕೇಳಿಸುವುದು ಬರಿಯ ತಿಳಿಯುವ ಹಂಬಲ.

ಈ ಬಗೆಯ ವಿಚಾರಣೆಯಲ್ಲಿ ಪೊಂಬಾಲ್ ಮೊದಲಿಗರಾಗಿರಲಿಲ್ಲ. ನೆರೆಯ ಸ್ಪೇನಿನ ಅರಸ ಆರನೆಯ ಫರ್ಡಿನೆಂಡ್ ಭೂಕಂಪವಾದ ಒಂದೇ ವಾರದಲ್ಲಿ ಇಂತಹದೇ ಆಜ್ಞೆ ಹೊರಡಿಸಿದ್ದ. ಅಲ್ಲಿಂದ ಸಾವಿರಕ್ಕೂ ಹೆಚ್ಚು ಊರುಗಳ ಉತ್ತರಗಳು ಬಂದವು. ಪೋರ್ಚುಗಲ್ಲಿನಲ್ಲಿ 1758ರಲ್ಲಿ ಒರಾಟೋರಿಯನ್ ಸಭೆಯ ಗುರು ಲೂಯಿಸ್ ಕಾರ್ದೋಜೊ ಎಲ್ಲ ಧರ್ಮಕೇಂದ್ರಗಳ ವಿವರ ಕೋರಿ ಕಳಿಸಿದ ಮತ್ತೊಂದು ದೊಡ್ಡ ಪ್ರಶ್ನಾವಳಿಯಲ್ಲಿಯೂ, 1755ರ ಹಾನಿ ಏನು, ಅದನ್ನು ದುರಸ್ತಿ ಮಾಡಲಾಗಿದೆಯೇ ಎಂಬ ಪ್ರಶ್ನೆ ಇತ್ತು. ಮೊದಲನೆಯ ಸುತ್ತಿನ ಉತ್ತರಗಳಲ್ಲಿ ಎಷ್ಟೋ ಕಳೆದುಹೋಗಿವೆ. ಉಳಿದವು ಲಿಸ್ಬನ್ನಿನ ತೋರೆ ದೊ ತೊಂಬೊ ಎಂಬ ರಾಷ್ಟ್ರೀಯ ದಾಖಲೆಗಾರದಲ್ಲಿವೆ. ಭೂಕಂಪದಲ್ಲಿ ಆ ದಾಖಲೆಗಾರದ ಗೋಪುರವೂ ಕುಸಿದಿತ್ತು. ಅವಶೇಷಗಳ ಅಡಿಯಿಂದ ಹಳೆಯ ಕಾಗದಗಳನ್ನು ಎತ್ತಿ ಕಾಪಾಡಿದವರ ಶ್ರಮವೂ ಇಲ್ಲಿ ನೆನೆಯತಕ್ಕದ್ದು.

ವಿದ್ವಾಂಸರ ಲೋಕದಲ್ಲಿ ಈ ಹೊತ್ತಿಗೆ ಬೇರೊಂದು ಗದ್ದಲವೆದ್ದಿತ್ತು. ಎಲ್ಲವೂ ಒಳ್ಳೆಯದಕ್ಕೇ ಎಂಬ ತತ್ತ್ವವನ್ನು ವೋಲ್ತೇರ್ ಕವಿತೆಯಲ್ಲಿಯೂ ಮುಂದೆ 1759ರ ಕಾದಂಬರಿಯಲ್ಲಿಯೂ ಗೇಲಿಮಾಡಿದ. ರೂಸೋ 1756ರ ಆಗಸ್ಟ್‌ನಲ್ಲಿ ಅವನಿಗೆ ಬರೆದ ಪತ್ರದಲ್ಲಿ, ಆರೇಳು ಅಂತಸ್ತಿನ ಸಾವಿರಾರು ಮನೆಗಳನ್ನು ಒಂದೆಡೆ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂಬ ಅರ್ಥದ ಮಾತನ್ನಾಡಿದ. ಈ ಮಾತು ವೋಲ್ತೇರನ ಕವಿತೆಯಷ್ಟು ಪ್ರಸಿದ್ಧವಾಗಲಿಲ್ಲ. ನನ್ನ ಎಣಿಕೆಯಲ್ಲಿ ಅದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ನಡುಗಿಸುವುದು ಭೂಮಿ, ಕೊಲ್ಲುವುದು ಮನುಷ್ಯ ಕಟ್ಟಿದ ಗೋಡೆ.

ಕಾರಣವನ್ನು ಹುಡುಕಿದವರೂ ಇದ್ದರು. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ ಆಗ ಮೂವತ್ತೆರಡರ ಆಸುಪಾಸಿನವನು; 1756ರಲ್ಲಿ ಮೂರು ಲೇಖನಗಳನ್ನು ಬರೆದು, ನೆಲದಡಿಯ ಗವಿಗಳಲ್ಲಿ ಅನಿಲಗಳು ಹೊತ್ತಿಕೊಳ್ಳುವುದರಿಂದ ಕಂಪನವಾಗುತ್ತದೆಂದು ವಾದಿಸಿದ. ಇಂಗ್ಲೆಂಡಿನ ಜಾನ್ ಮಿಶೆಲ್ ಆಂಗ್ಲಿಕನ್ ಸಭೆಯ ಪಾದ್ರಿ, ಕೇಂಬ್ರಿಜ್‌ನಲ್ಲಿ ಅಧ್ಯಾಪಕ. ಅವನು 1760ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ನೆಲದಡಿಯ ಬೆಂಕಿಗೆ ನೀರು ತಾಗಿ ಹುಟ್ಟುವ ಉಗಿಯೇ ಕಾರಣವೆಂದ. ಇಬ್ಬರ ಊಹೆಯೂ ತಪ್ಪು. ಆದರೆ ಮಿಶೆಲ್ ಬೇರೊಂದು ಕೆಲಸ ಮಾಡಿದ್ದ. ಎಲ್ಲೆಲ್ಲಿಗೆ ನಡುಕ ಎಷ್ಟು ಹೊತ್ತಿಗೆ ತಲುಪಿತೆಂಬ ವರದಿಗಳನ್ನು ಹೋಲಿಸಿ, ಭೂಕಂಪವು ನೆಲದೊಳಗೆ ಅಲೆಯಾಗಿ ಸಾಗುತ್ತದೆಂದು ತೋರಿಸಿದ; ಅದರ ವೇಗ ನಿಮಿಷಕ್ಕೆ ಇಪ್ಪತ್ತು ಮೈಲಿಗೂ ಹೆಚ್ಚೆಂದು ಲೆಕ್ಕ ಹಾಕಿದ; ಅದು ಹುಟ್ಟಿದ ಜಾಗ ಅಟ್ಲಾಂಟಿಕ್ ಸಾಗರದ ತಳದಲ್ಲಿರಬೇಕೆಂದ. ನಿಜವಾದ ವೇಗ ಅವನ ಲೆಕ್ಕದ ಹಲವು ಪಟ್ಟು. ಊರೂರಿನ ಗಡಿಯಾರಗಳೇ ಒಂದಕ್ಕೊಂದು ಹೊಂದದ ಕಾಲ ಅದು. ಆದರೂ ಅಲೆಯೆಂಬ ಕಲ್ಪನೆ ನಿಂತಿತು. ಕಾರಣವನ್ನು ಬಲ್ಲೆವೆಂದವರ ಮಾತು ಅಳಿಯಿತು, ಹೊತ್ತನ್ನೂ ದಿಕ್ಕನ್ನೂ ಗುರುತಿಸಿದವರ ಮಾತು ಉಳಿಯಿತು.

ಹೊಸ ಲಿಸ್ಬನ್ ಕಟ್ಟುವಾಗ ಸೇನೆಯ ಎಂಜಿನಿಯರುಗಳು, ಮಾನುಯೆಲ್ ದ ಮಾಯಾ ಅವರ ಹಿರಿತನದಲ್ಲಿ, ಗೋಡೆಯೊಳಗೆ ಮರದ ತೊಲೆಗಳ ಪಂಜರವನ್ನು ಹೂಡುವ ಕ್ರಮ ತಂದರು. ನೆಲ ಅಲುಗಿದರೆ ಮರ ಬಾಗುತ್ತದೆ, ಕಲ್ಲು ಉದುರಿದರೂ ಚೌಕಟ್ಟು ನಿಲ್ಲುತ್ತದೆ. ಮಾದರಿಯ ಸುತ್ತ ಸೈನಿಕರನ್ನು ಕವಾಯತು ಮಾಡಿಸಿ ಅದನ್ನು ಪರೀಕ್ಷಿಸಿದರೆಂಬ ಕಥೆ ಆ ನಗರದಲ್ಲಿ ಪ್ರಚಲಿತವಾಗಿದೆ. ಬೀದಿಗಳು ಅಗಲವಾದವು, ನೇರವಾದವು. ಕಾರ್ಮೆಲ್ ಮಾತೆಯ ಮಠದ ದೇವಾಲಯವನ್ನು ಮಾತ್ರ ಪೂರ್ತಿಯಾಗಿ ಮತ್ತೆ ಕಟ್ಟಲಿಲ್ಲ. ಮಾಡಿಲ್ಲದ ಅದರ ಕಮಾನುಗಳು ಇಂದಿಗೂ ಆಕಾಶಕ್ಕೆ ತೆರೆದು ನಿಂತಿವೆ.

ಪೊಂಬಾಲರನ್ನು ವಿವೇಕದ ಮೂರ್ತಿಯೆಂದು ಹೊಗಳಿ ಮುಗಿಸುವಂತಿಲ್ಲ. ಮಾಲಗ್ರೀದಾರನ್ನು ಅವರು 1756ರಲ್ಲಿ ಸೆತೂಬಲ್ ಪಟ್ಟಣಕ್ಕೆ ಗಡಿಪಾರು ಮಾಡಿಸಿದರು. 1758ರಲ್ಲಿ ಅರಸನ ಮೇಲೆ ಗುಂಡು ಹಾರಿದಾಗ ಆ ಸಂಚಿನಲ್ಲಿ ಅವರ ಹೆಸರನ್ನೂ ಎಳೆದು ಸೆರೆಗೆ ಹಾಕಲಾಯಿತು. ವರ್ಷಗಟ್ಟಲೆ ಕತ್ತಲೆಯಲ್ಲಿ ಬಳಲಿದ ಆ ಎಪ್ಪತ್ತು ದಾಟಿದ ಮುದುಕರನ್ನು, ಪೊಂಬಾಲರ ಸಹೋದರನೇ ಮುಖ್ಯಸ್ಥನಾಗಿದ್ದ ಧರ್ಮವಿಚಾರಣಾ ಮಂಡಳಿಯು ಪಾಷಂಡಿಯೆಂದು ತೀರ್ಮಾನಿಸಿತು. 1761ರ ಸೆಪ್ಟೆಂಬರ್ 21ರಂದು ಲಿಸ್ಬನ್ನಿನ ಚೌಕದಲ್ಲಿ ಅವರ ಕತ್ತು ಹಿಸುಕಿ, ದೇಹವನ್ನು ಸುಡಲಾಯಿತು. ಭೂಕಂಪವನ್ನು ಕುರಿತು ಅವರು ಹೇಳಿದ್ದು ತಪ್ಪಾಗಿತ್ತು. ಅವರಿಗೆ ಆದದ್ದು ಅನ್ಯಾಯ. ಈ ಎರಡನ್ನೂ ಒಟ್ಟಿಗೆ ಹೇಳಲು ಸಾಧ್ಯವಾಗಬೇಕು. ಅದೇ ಸರಣಿಯಲ್ಲಿ 1759ರಲ್ಲಿ ಯೇಸುಸಭೆಯನ್ನು ಪೋರ್ಚುಗೀಸ್ ಆಡಳಿತದ ಎಲ್ಲ ನಾಡುಗಳಿಂದ ಹೊರಹಾಕಲಾಯಿತು. ಗೋವೆಯ ಗುರುಗಳೂ ಸೆರೆಯಾದರು. ಕೆನರಾ ಕರಾವಳಿಯ ಕ್ರೈಸ್ತರು ಆಗ ಗೋವೆಯ ಮಹಾಧರ್ಮಾಧ್ಯಕ್ಷರ ಆಡಳಿತದಲ್ಲಿದ್ದರು. ಶ್ರೀರಂಗಪಟ್ಟಣದ ಸುತ್ತಿನ ಮೈಸೂರು ಮಿಶನ್ ಗೋವೆಯ ಯೇಸುಸಭೆಗೆ ಸೇರಿತ್ತು. ಲಿಸ್ಬನ್ನಿನಲ್ಲಿ ಬೆಳೆದ ಒಬ್ಬ ಮಂತ್ರಿಯ ಬಲ ಹೀಗೆ ನಮ್ಮ ಪೂರ್ವಿಕರ ಧರ್ಮಕೇಂದ್ರಗಳನ್ನೂ ತಟ್ಟಿತು.

ಗುರುಗಳ ಉತ್ತರಗಳ ಕಟ್ಟುಗಳು ಬಹುಕಾಲ ಹೆಚ್ಚು ಗಮನ ಸೆಳೆಯದೆ ಉಳಿದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭೂವಿಜ್ಞಾನಿ ಪೆರೇರಾ ದೆ ಸೋಜಾ ಅವನ್ನು ಊರು ಊರಾಗಿ ಓದಿ, 1919ರಿಂದ ಆರಂಭಿಸಿ ಹಲವು ಸಂಪುಟಗಳಲ್ಲಿ ಪ್ರಕಟಿಸಿದರು. ಎಲ್ಲಿ ಗೋಡೆ ಮಾತ್ರ ಬಿರಿಯಿತು, ಎಲ್ಲಿ ಊರೇ ನೆಲಸಮವಾಯಿತು ಎಂದು ನಕ್ಷೆಯಲ್ಲಿ ಗುರುತಿಸಿದಾಗ ಕಂಪನದ ತೀವ್ರತೆಯ ವಲಯಗಳು ಕಣ್ಣಿಗೆ ಕಂಡವು. ಅಟ್ಲಾಂಟಿಕ್ ತಳದಲ್ಲಿ, ಸೇಂಟ್ ವಿನ್ಸೆಂಟ್ ಭೂಶಿರದ ನೈರುತ್ಯಕ್ಕೆ, ಆಫ್ರಿಕಾ ಮತ್ತು ಯುರೇಷಿಯಾ ಫಲಕಗಳು ಒಂದನ್ನೊಂದು ಒತ್ತುವ ಗಡಿಯಲ್ಲಿ ಅದು ಹುಟ್ಟಿತೆಂದು ಇಂದಿನ ವಿಜ್ಞಾನ ಹೇಳುತ್ತದೆ. ಅದರ ಪರಿಮಾಣ 8.5ಕ್ಕೂ ಹೆಚ್ಚೆಂದು ಅನೇಕರ ಅಂದಾಜು. ಆದರೆ ಯಾವ ಬಿರುಕು ಜಾರಿತೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ಚರ್ಚಿಸುವ ವಿಜ್ಞಾನಿಗಳು ಗಣಕಯಂತ್ರದಲ್ಲಿ ಅಲೆಗಳನ್ನು ಮರುಸೃಷ್ಟಿಸುವಾಗ, ನೀರು ಎಷ್ಟು ಗೇಣು ಏರಿತು, ಎಷ್ಟು ಹೊತ್ತಿಗೆ ಬಂತು ಎಂದು ಕರಾವಳಿಯ ಜನ ಅಂದು ಬರೆದಿಟ್ಟ ಸಾಲುಗಳನ್ನೇ ಮತ್ತೆ ಒರೆಗಲ್ಲಾಗಿ ಹಿಡಿಯುತ್ತಾರೆ.

ಈ ವಿಧಾನ ಭಾರತಕ್ಕೂ ಬಂತು. 1897ರ ಜೂನ್ 12ರಂದು ಶಿಲ್ಲಾಂಗ್ ಪ್ರಸ್ಥಭೂಮಿಯನ್ನು ಅಲುಗಿಸಿದ ಮಹಾಕಂಪನದ ನಂತರ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಜನರಿಂದ ವರದಿಗಳನ್ನು ತರಿಸಿಕೊಂಡು, ಉರುಳಿದ ಸ್ಮಾರಕಗಳು ಬಿದ್ದ ದಿಕ್ಕನ್ನು ಅಳೆದು, 1899ರಲ್ಲಿ ಬರೆದ ವರದಿ ಆ ಶಾಸ್ತ್ರದ ಮೈಲಿಗಲ್ಲಾಯಿತು. ನಮ್ಮ ಗಡಿಗೆ ಹತ್ತಿರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಸಾವಿರಾರು ಜನ ಸತ್ತರು; ಕಲಬುರಗಿ, ಬೀದರ್ ಜಿಲ್ಲೆಗಳವರೆಗೂ ಆ ನಡುಕ ಹರಡಿತ್ತು. ಗಟ್ಟಿನೆಲವೆಂದು ಹೆಸರಾದ ದಖನ್ನಿನಲ್ಲಿ ಅವರನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಒರಟು ಕಲ್ಲು ಪೇರಿಸಿದ ದಪ್ಪ ಗೋಡೆಗಳು, ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆ.

ಹನ್ನೊಂದು ವರ್ಷಗಳ ಮೇಲೆ, 2004ರ ಡಿಸೆಂಬರ್ 26. ಕ್ರಿಸ್ತಜಯಂತಿಯ ಮರುದಿನದ ಭಾನುವಾರ, ವೇಳಾಂಗಣ್ಣಿಯ ಕಡಲತೀರದಲ್ಲಿದ್ದ ಯಾತ್ರಿಕರನ್ನು ಅಲೆ ಒಯ್ದಾಗ, ಲಿಸ್ಬನ್ನಿನ ಪ್ರಶ್ನೆ ಮತ್ತೆ ಮನೆಮನೆಯಲ್ಲಿ ಕೇಳಿಬಂತು. ಹಬ್ಬದ ಮರುದಿನವೇ ಏಕೆ, ಮಾತೆಯ ಸನ್ನಿಧಿಯಲ್ಲಿಯೇ ಏಕೆ? ಸುಮಾತ್ರಾದ ಬಳಿ ನೆಲ ಜಾರಿದ ಮೇಲೆ ಆ ಅಲೆ ನಮ್ಮ ಪೂರ್ವ ಕರಾವಳಿಯನ್ನು ಮುಟ್ಟಲು ಎರಡು ಗಂಟೆಗೂ ಹೆಚ್ಚು ಹಿಡಿದಿತ್ತು. ಆ ಎರಡು ಗಂಟೆಗಳಲ್ಲಿ ದಡದವರಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಹಿಂದೂ ಮಹಾಸಾಗರದಲ್ಲಿ ಇರಲಿಲ್ಲ. ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ 2007ರಲ್ಲಿ ಆರಂಭವಾಯಿತು.

2024ರ ಆಗಸ್ಟ್ 26ರ ನಸುಕಿನಲ್ಲಿ ಲಿಸ್ಬನ್ ಮತ್ತೊಮ್ಮೆ ನಡುಗಿತು. ಪರಿಮಾಣ 5.3, ದೊಡ್ಡ ಹಾನಿಯಿಲ್ಲ. ಇಂತಹ ಹೊತ್ತಿನಲ್ಲಿ ತಾವು ಕಂಡದ್ದನ್ನು ಬರೆದು ಕಳಿಸಲು ಪೋರ್ಚುಗಲ್ಲಿನ ಹವಾಮಾನ ಮತ್ತು ಭೂಕಂಪ ಸಂಸ್ಥೆಯು ಜನರಿಗೆಂದು ಒಂದು ಪ್ರಶ್ನಾವಳಿಯನ್ನಿಟ್ಟಿದೆ. ಅದನ್ನು ತುಂಬಲು ಈಗ ವಿಚಾರಣಾ ಗುರುಗಳೇ ಆಗಬೇಕಿಲ್ಲ, ಕೈಯಲ್ಲಿ ಫೋನಿದ್ದ ಯಾರಾದರೂ ಸರಿ. ನೀವು ಯಾವ ಊರಿನಲ್ಲಿದ್ದಿರಿ, ಎಷ್ಟು ಹೊತ್ತಿಗೆ, ಮನೆಯೊಳಗೋ ಹೊರಗೋ, ನಡುಕ ಹೇಗಿತ್ತು, ಏನೇನು ಬಿತ್ತು?